ಮಗನಿಗೆ ಎಬಿಸಿಡಿ ಬರುತ್ತದೆ, ಓದಲು ಬರುವುದಿಲ್ಲ. ಮನೆಯಲ್ಲೇ ಫೋನಿಕ್ಸ್ ಕಲಿಸುವುದು ಹೇಗೆ?

ನಿಮ್ಮ ಐದು ವರ್ಷದ ಮಗ ಎಬಿಸಿಡಿ ಪಟಪಟ ಹೇಳುತ್ತಾನೆ, ಆದರೆ ‘ಕ್ಯಾಟ್’ ಓದಲು ಬರುವುದಿಲ್ಲ ಎಂದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು. ನನ್ನ ಮಗಳು ಬೆರಳಿಟ್ಟು ‘ಸಿ, ಎ, ಟಿ’ ಎನ್ನುತ್ತಿದ್ದಳು, ಪಕ್ಕದ ಚಿತ್ರ ನೋಡಿ ‘ಬೆಕ್ಕು’ ಎಂದು ಮುಗಿಸುತ್ತಿದ್ದಳು. ಸಿ, ಎ, ಟಿ ಅಂತ ಎಷ್ಟು ಬೇಗ ಹೇಳಿದರೂ ‘ಸಿಯೇಟಿ’ ಆಗುತ್ತದೆ, ಕ್ಯಾಟ್ ಆಗುವುದಿಲ್ಲ, ಅಲ್ವಾ? ಇಂಗ್ಲಿಷ್ ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ಓದಲು ಬೇಕಾದದ್ದು ಸದ್ದು. ಅಕ್ಷರದ ಸದ್ದು ಕಲಿಸಿ, ಸದ್ದುಗಳನ್ನು ಸೇರಿಸಿ ಓದಿಸುವುದೇ ಫೋನಿಕ್ಸ್.

ಕನ್ನಡದಲ್ಲಿ ಈ ರಗಳೆ ಇಲ್ಲ. ‘ಸ’ದ ಹೆಸರೂ ಸ, ಸದ್ದೂ ಸ. ಆದರೆ ಫೋನಿಕ್ಸ್ ಹೇಳಿಕೊಡುವಾಗ ನಾವು ಕನ್ನಡದವರು ಎಡವುವುದೂ ಇಲ್ಲೇ. ನಾನು ‘ಪ, ಇ, ನ’ ಎಂದು ಹೇಳಿಕೊಟ್ಟೆ. ಅವಳು ಸೇರಿಸಿ ‘ಪಯಿನ’ ಎಂದಳು. ಸರಿಯಾಗೇ ಸೇರಿಸಿದ್ದಳು! ನಮ್ಮ ‘ಪ’ದೊಳಗೆ ಒಂದು ‘ಅ’ ಅಡಗಿ ಕೂತಿರುತ್ತದೆ. ಅದನ್ನು ಕತ್ತರಿಸಿ ‘ಪ್, ಇ, ನ್’ ಎನ್ನಬೇಕು. ‘ಪ್’ ಹೇಳುವಾಗ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ. ಗಾಳಿ ಮಾತ್ರ ತಗುಲಬೇಕು, ಗಂಟಲಿನಿಂದ ಸದ್ದು ಬರಬಾರದು.

ಮೊದಲ ವಾರ ಅಕ್ಷರವನ್ನೇ ತೋರಿಸಬೇಡಿ. ಅಡುಗೆಮನೆಯಲ್ಲಿ ಕೇಳಿ: ‘ಸ್ಸ್ಸ್ ಅಂತ ಶುರುವಾಗೋದು ಏನೇನಿದೆ?’ ಸೌಟು, ಸೇರು, ಸಾಸಿವೆ. ಕನ್ನಡದ ಪದಗಳೇ ಆಗಲಿ. ನಮ್ಮವಳು ಒಂದು ದಿನ ‘ಸಕ್ಕರೆ!’ ಅಂತ ಡಬ್ಬಿಯನ್ನೇ ಹೊತ್ತು ತಂದಳು, ಇರುವೆಗಳ ಸಮೇತ.

ಆಮೇಲೆ ಆರೇ ಅಕ್ಷರ: ಎಸ್, ಎ, ಟಿ, ಪಿ, ಐ, ಎನ್. ಇಂಗ್ಲೆಂಡಿನ ಸರ್ಕಾರ 2007ರಲ್ಲಿ ಅಲ್ಲಿನ ಶಾಲೆಗಳಿಗೆ ಕೊಟ್ಟ ಪಾಠಕ್ರಮವೂ ಇವುಗಳಿಂದಲೇ ಶುರುವಾಗುತ್ತದೆ. ಈ ಆರರಲ್ಲೇ ಸಿಟ್, ಪಿನ್, ಟ್ಯಾಪ್, ಪ್ಯಾನ್, ಟಿನ್ ಎಲ್ಲ ಆಗುತ್ತವಲ್ಲ, ಅದಕ್ಕೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲೂ ಇದೇ ಲೆಕ್ಕ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಮೊದಲು ಬರುವುದು ಅ ಆ ಇ ಈ ಅಲ್ಲ, ರ ಗ ಸ ದ ಅ. ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಗರಗಸ ಓದಿಬಿಡುತ್ತದೆ.

ಸೇರಿಸಿ ಓದಲು ನಾವು ಹುಣಸೆಬೀಜ ಬಳಸಿದೆವು. (ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಬೀಜ ಬೇಡ, ಬಾಯಿಗೆ ಹಾಕಿಕೊಳ್ಳುತ್ತದೆ. ದೊಡ್ಡ ಮುಚ್ಚಳಗಳನ್ನು ಇಟ್ಟುಕೊಳ್ಳಿ.) ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಮನೆ ಬರೆಯುವುದು. ಒಂದೊಂದು ಸದ್ದಿಗೆ ಒಂದೊಂದು ಬೀಜ ತಳ್ಳುವುದು: ಸ್ಸ್ಸ್, ಇ, ಟ್. ಆಮೇಲೆ ಮೂರೂ ಮನೆಯ ಮೇಲೆ ಬೆರಳೆಳೆದು ‘ಸ್ಸ್ಸಿಟ್’. ಎಸ್, ಎನ್‌ನಿಂದ ಶುರುವಾಗುವ ಪದಗಳನ್ನು ಮೊದಲು ಕೊಡಿ, ಆ ಸದ್ದುಗಳನ್ನು ಎಳೆದು ಹೇಳಬಹುದು. ಪಿ, ಟಿ ಎಳೆಯಲು ಬರುವುದಿಲ್ಲ, ಕಷ್ಟ ಜಾಸ್ತಿ. ಪುಸ್ತಕದಲ್ಲಿ ಚಿತ್ರವಿದ್ದರೆ ಕೈಯಿಂದ ಮುಚ್ಚಿ, ಓದಿದ ಮೇಲೆ ತೋರಿಸಿ.

ಕೊನೆಗೊಂದು ದಿನ ಮಗಳು ಮೂರೂ ಸದ್ದು ಸರಿಯಾಗಿ ಹೇಳಿ, ಸೇರಿಸಿ, ‘ಪಿನ್ನು’ ಎಂದಳು. ಬಸ್ಸು, ಕಾರು ಎನ್ನುವ ನಾಲಿಗೆ ಅಲ್ವಾ! ನಾನು ಬೈಯಲಿಲ್ಲ. ‘ಉ ಕೂರೋಕೆ ಮನೆ ಎಲ್ಲಿದೆ?’ ಎಂದೆ. ನೆಲ ನೋಡಿ ನಕ್ಕಳು.

ದಿನಕ್ಕೆ ಹತ್ತು ನಿಮಿಷ ಸಾಕು. ‘ವನ್’ (one), ‘ಸೆಡ್’ (said) ತರದ ಪದಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವನ್ನು ಬಾಯಿಪಾಠವೇ ಮಾಡಿಸಬೇಕು, ಆದರೆ ಮೂರಕ್ಷರದ ಪದಗಳು ಸಲೀಸಾದ ಮೇಲೆ.