ಪಾಸ್‌ಪೋರ್ಟಿನ ಮೇಲಿನ ಎರಡು ಲ್ಯಾಟಿನ್ ಸಾಲುಗಳು

ಕೆನಡಾಕ್ಕೆ ಬಂದು ಎರಡು ತಿಂಗಳಾಗಿರುವ ತಾವು, ಇಲ್ಲಿಯ ಪಾಸ್‌ಪೋರ್ಟಿನ ಮೇಲಿರುವ ಲ್ಯಾಟಿನ್ ಮಾತಿನ ಅರ್ಥವೇನು, ಪೌರತ್ವ ಪರೀಕ್ಷೆಗೆ ಅದನ್ನು ಓದಬೇಕೆ, ಚಳಿಗೆ ಊರಿನಿಂದ ಏನು ತರಿಸಿಕೊಳ್ಳಬೇಕು ಎಂದು ಕೇಳಿದ್ದೀರಿ. ಚಳಿಯ ಬಟ್ಟೆಯನ್ನು ಇಲ್ಲಿಯೇ ಕೊಳ್ಳಿ. ಊರಿನಿಂದ ಸಾರಿನ ಪುಡಿ ಬಂದರೆ ಸಾಕು. ಸರ್ಕಾರದ ಕೈಪಿಡಿಯಲ್ಲಿ ಆ ಸಾಲು ಇರುವುದರಿಂದ ಓದಿಕೊಳ್ಳಿ. 20 ಪ್ರಶ್ನೆಗಳಲ್ಲಿ 15 ಸರಿಯಾದರೆ ಆಯಿತು.

‘ಆ ಮಾರಿ ಉಸ್ಕ್ವೆ ಆದ್ ಮಾರೆ’ ಎಂದರೆ ‘ಸಮುದ್ರದಿಂದ ಸಮುದ್ರದವರೆಗೆ’. ಅರಸನ ಆಳ್ವಿಕೆ ಹಾಗೆ ಹಬ್ಬಲಿ ಎಂದು ಹಾರೈಸುವ ಬೈಬಲ್ಲಿನ 72ನೆಯ ಕೀರ್ತನೆಯಿಂದ ಬಂದ ಈ ಮಾತು, 1906ರಲ್ಲಿ ಸಸ್ಕ್ಯಾಚುವಾನ್ ಶಾಸನಸಭೆಯ ರಾಜದಂಡವನ್ನೂ 1921ರಲ್ಲಿ ದೇಶದ ಲಾಂಛನವನ್ನೂ ಸೇರಿತು. ಮೂರು ಸಾಗರಗಳ ದೇಶಕ್ಕೆ ಎರಡೇ ಸಮುದ್ರಗಳ ಲೆಕ್ಕವೇ ಎಂಬ ತಕರಾರು ಬೇರೆ ಇದೆ.

ಪೌರತ್ವ ಪಡೆದ ವರ್ಷ ಊರಿಗೆ ಹೋದಾಗ, ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದ ನನ್ನ ತಂದೆ ಹೊಸ ಪಾಸ್‌ಪೋರ್ಟಿನ ಚಿನ್ನದ ಬಣ್ಣದ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸುತ್ತ, “ಸತ್ಯಮೇವ ಜಯತೇ ಮುಂಡಕೋಪನಿಷತ್ತಿನದು, ಇದು ಯಾವುದರದು?” ಎಂದರು. ಮೇಲೆ ಹೇಳಿದ್ದಷ್ಟನ್ನು ಹೇಳಿದೆ. ಲಾಂಛನದ ಗುರಾಣಿಯನ್ನು ಸುತ್ತುವರಿದ ಪಟ್ಟಿಯ ಮೇಲೆ ಬೆರಳು ನಿಂತಿತು: “ಇಲ್ಲಿಯೂ ಏನೋ ಇದೆಯಲ್ಲ?” “ಅದೇನೋ ಅಲಂಕಾರ” ಎಂದುಬಿಟ್ಟೆ.

ಅದು ಅಲಂಕಾರವಲ್ಲ. 1967ರಲ್ಲಿ ಸ್ಥಾಪಿತವಾದ ‘ಆರ್ಡರ್ ಆಫ್ ಕೆನಡಾ’ ಗೌರವದ ಧ್ಯೇಯವಾಕ್ಯವಾದ ‘ದೆಸಿದೆರಾಂತೆಸ್ ಮೆಲಿಯೊರೆಮ್ ಪಾತ್ರಿಯಮ್’ ಎಂಬುದನ್ನು 1994ರಲ್ಲಿ ಲಾಂಛನಕ್ಕೂ ಸೇರಿಸಿದರು. ‘ಇನ್ನೂ ಲೇಸಾದ ನಾಡನ್ನು ಬಯಸುವವರು’ ಎಂದು ಅದರ ಅರ್ಥ. ಆ ಮಾತು ಬಂದದ್ದು ಬೈಬಲ್ಲಿನ ‘ಇಬ್ರಿಯರಿಗೆ ಬರೆದ ಪತ್ರಿಕೆ’ಯ 11ನೆಯ ಅಧ್ಯಾಯದಿಂದ; ಅಲ್ಲಿ ಆ ನಾಡು ಪರಲೋಕ. ಅದರ ಹಿಂದಿನ ವಚನವೋ, ಬಿಟ್ಟುಬಂದ ನಾಡಿನ ಮೇಲೆಯೇ ಮನಸ್ಸಿದ್ದಿದ್ದರೆ ಹಿಂದಿರುಗಲು ಅವರಿಗೆ ಅವಕಾಶವಿತ್ತು ಎನ್ನುತ್ತದೆ. ಇದನ್ನೆಲ್ಲ ನಾನು ಓದಿಕೊಳ್ಳುವ ವೇಳೆಗೆ ತಂದೆ ಇರಲಿಲ್ಲ. ಇದ್ದಿದ್ದರೆ ನೊಂದುಕೊಳ್ಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ, “ಯಾವುದಕ್ಕಿಂತ ಲೇಸು?” ಎಂದು ವ್ಯಾಕರಣದ ಪ್ರಶ್ನೆಯನ್ನೇ ಕೇಳುತ್ತಿದ್ದರು.

ಇಲ್ಲಿಯ ಪೌರತ್ವ ಪಡೆದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಲೇಬೇಕು. ಆಗ ಸಿಗುವ ಪ್ರಮಾಣಪತ್ರ ಓಸಿಐ (ಭಾರತದ ಸಾಗರೋತ್ತರ ಪೌರ) ಕಾರ್ಡಿನ ಅರ್ಜಿಗೆ ಬೇಕಾಗುತ್ತದೆ, ಜೋಪಾನ ಮಾಡಿ. ರದ್ದಾದ ಪಾಸ್‌ಪೋರ್ಟನ್ನು ಮುದ್ರೆ ಒತ್ತಿ ಮರಳಿಸುತ್ತಾರೆ. ನನ್ನದು ಬೀರುವಿನಲ್ಲಿ, ತಂದೆಯ ಕನ್ನಡಕದ ಡಬ್ಬಿಯ ಕೆಳಗಿದೆ.