ನಾಲ್ಕೈದ್ಲ ಹನ್ನೆರಡು!

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಗಣಿತ ಮತ್ತು ಸಾಹಿತ್ಯದ ಬಗ್ಗೆ ಬರೆದ ಪ್ರಬಂಧಗಳನ್ನು ಹೊಗಳಿದ್ದೆ. ಒಂದಿಷ್ಟು ಪ್ರಶ್ನೆಗಳು ಬಂದಿವೆ, ಒಂದೆರಡು ತಕರಾರೂ ಇವೆ.

ಗಣಿತದಲ್ಲಿ ಪದವಿಯೇ ಇಲ್ಲದವರು ಇಪ್ಪತ್ತೈದು ವರ್ಷ ಗಣಿತದ ಅಂಕಣ ಬರೆದರೇ? ನಂಬಲಾಗುತ್ತಿಲ್ಲ.
– ಪಿಯು ಕಾಲೇಜಿನ ಉಪನ್ಯಾಸಕರು, ಶಿವಮೊಗ್ಗ

ನಂಬಿ ಸಾರ್. 1914ರಲ್ಲಿ ಓಕ್ಲಹೋಮಾದ ಟಲ್ಸಾದಲ್ಲಿ ಹುಟ್ಟಿದ ಗಾರ್ಡ್ನರ್ ಶಿಕಾಗೊದಲ್ಲಿ ಓದಿದ್ದು ತತ್ತ್ವಶಾಸ್ತ್ರ. ಹೊಟ್ಟೆಪಾಡಿಗೆ ‘ಹಂಪ್ಟಿ ಡಂಪ್ಟಿ’ ಎಂಬ ಮಕ್ಕಳ ಪತ್ರಿಕೆಯಲ್ಲಿ ಕಾಗದ ಕತ್ತರಿಸಿ ಮಡಚುವ ಆಟಗಳನ್ನು ಹೊಸೆಯುತ್ತಿದ್ದರು. 1956ರ ಡಿಸೆಂಬರಿನಲ್ಲಿ ‘ಸೈಂಟಿಫಿಕ್ ಅಮೆರಿಕನ್’ಗೆ ಹೆಕ್ಸಾಫ್ಲೆಕ್ಸಗನ್ ಬಗ್ಗೆ ಬರೆದರು. ಅದು ಕಾಗದದ ಪಟ್ಟಿ ಮಡಚಿ ಮಾಡುವ ಷಟ್ಕೋನ. ಮೂಲೆ ಚಿವುಟಿ ಬಿಡಿಸಿದರೆ ಒಳಗೆ ಅಡಗಿದ್ದ ಇನ್ನೊಂದು ಮುಖ ಹೊರಗೆ ಬರುತ್ತದೆ. ಇಂಥದ್ದು ತಿಂಗಳಿಗೊಂದು ಕೊಡಲಾದೀತೇ ಎಂದು ಪ್ರಕಾಶಕರು ಕೇಳಿದರು. ಹೂಂ ಅಂದ ಮಹಾಶಯರು ನೆಟ್ಟಗೆ ಹೋದದ್ದು ಮ್ಯಾನ್‌ಹ್ಯಾಟನ್ನಿನ ಹಳೇ ಪುಸ್ತಕದಂಗಡಿಗಳಿಗೆ, ಗಣಿತದ ಆಟಗಳ ಪುಸ್ತಕ ಹುಡುಕಲು!

ಕ್ಯಾಲ್ಕ್ಯುಲಸ್ ದಾಟಿದರೆ ನನಗೆ ದಿಕ್ಕೇ ತೋಚುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ವಿಷಯ ತಲೆಗೆ ಹತ್ತಲು ತಮಗೇ ಅಷ್ಟು ಹೊತ್ತು ಹಿಡಿಯುತ್ತಿದ್ದರಿಂದ ಓದುಗನಿಗೆ ಎಲ್ಲಿ ತೊಡಕಾಗುತ್ತದೆಂದು ಗೊತ್ತಿರುತ್ತಿತ್ತಂತೆ. ಇದು ವಿನಯದ ಮಾತಲ್ಲ, ಕಸುಬಿನ ಗುಟ್ಟು. ನಮ್ಮಲ್ಲಿ ವಿಜ್ಞಾನ ಬರೆಯುವ ಹಲವು ಪಂಡಿತರಿಗೆ ಇಲ್ಲದ ಭಾಗ್ಯ ಇದೇ.

ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ‘ಆಲಿಸ್’ ಕಥೆಗೆ ಅವರು ಬರೆದ ಟಿಪ್ಪಣಿಗಳಲ್ಲಿ ನಿಜಕ್ಕೂ ಗಣಿತ ಇದೆಯೇ, ಎಳೆದು ತಂದದ್ದೇ?
– ವಿದ್ಯಾರ್ಥಿನಿ, ಧಾರವಾಡ

ಒಳ್ಳೆಯ ಅನುಮಾನ. ಆಲಿಸ್ ಕಥೆ ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದವರು ಎಂಬುದನ್ನು ಮೊದಲು ನೆನಪಿಡಿ. ಮೊಲದ ಬಿಲಕ್ಕೆ ಬಿದ್ದ ಆಲಿಸ್‌ಗೆ ತಾನು ತಾನೇ ಹೌದೋ ಅಲ್ಲವೋ ಎಂಬ ಗೊಂದಲ. ಪರೀಕ್ಷೆ ಮಾಡಿಕೊಳ್ಳಲು ಮಗ್ಗಿ ಹೇಳುತ್ತಾಳೆ: ನಾಲ್ಕೈದ್ಲ ಹನ್ನೆರಡು, ನಾಲ್ಕಾರ್ಲ ಹದಿಮೂರು... ಹೀಗೆ ಹೋದರೆ ಇಪ್ಪತ್ತನ್ನು ಮುಟ್ಟುವುದೇ ಇಲ್ಲವಲ್ಲ ಎಂದು ಕೊರಗುತ್ತಾಳೆ. ಓದುವವರು ನಕ್ಕು ಪುಟ ತಿರುಗಿಸುತ್ತಾರೆ. ಗಾರ್ಡ್ನರ್ ಅಲ್ಲೇ ಕೂತು, ಇಪ್ಪತ್ತೇ ಯಾಕೆ ಎಂದು ಕೇಳಿದರು.

1960ರ ಅವರ ಟಿಪ್ಪಣಿಯಲ್ಲಿ ಸರಳ ಉತ್ತರವಿದೆ. ಇಂಗ್ಲಿಷ್ ಮಕ್ಕಳ ಮಗ್ಗಿ ಹನ್ನೆರಡರ ಸಾಲಿಗೆ ನಿಲ್ಲುತ್ತದೆ. ಆಲಿಸ್‌ಳ ಲೆಕ್ಕದಲ್ಲಿ ಪ್ರತಿ ಸಾಲಿಗೂ ಒಂದೊಂದೇ ಏರಿದರೆ ನಾಲ್ಕು ಹನ್ನೆರಡ್ಲ ಹತ್ತೊಂಬತ್ತು, ಅಲ್ಲಿಗೆ ಮಗ್ಗಿ ಮುಗಿಯಿತು. (ಹತ್ತರ ಸಾಲಿಗೇ ನಿಲ್ಲುವ ನಮ್ಮ ಶಾಲೆಯ ಮಗ್ಗಿಯಲ್ಲಾದರೆ ಪಾಪ, ಹದಿನೇಳಕ್ಕೇ ಮುಗಿಯುತ್ತಿತ್ತು.)

ಅದರ ಜೊತೆಗೇ ಇನ್ನೊಬ್ಬ ವಿದ್ವಾಂಸನ ವಿವರಣೆಯನ್ನೂ ಕೊಟ್ಟಿದ್ದಾರೆ. ನಾವು ಹತ್ತರ ಗುಂಪು ಕಟ್ಟಿ ಎಣಿಸುತ್ತೇವೆ. ಹದಿನೆಂಟರ ಗುಂಪು ಕಟ್ಟಿದರೆ ‘12’ ಎಂದರೆ ಒಂದು ಹದಿನೆಂಟು, ಎರಡು ಬಿಡಿ. ಅಂದರೆ ಇಪ್ಪತ್ತು, ಮಗ್ಗಿ ಸರಿ! ಮುಂದಿನ ಸಾಲಿಗೆ ಇಪ್ಪತ್ತೊಂದರ ಗುಂಪು ಕಟ್ಟಿ: ‘13’ ಅಂದರೆ ಇಪ್ಪತ್ತನಾಲ್ಕು, ಇದೂ ಸರಿ. ಪ್ರತಿ ಸಾಲಿಗೂ ಗುಂಪಿಗೆ ಮೂರು ಸೇರಿಸುತ್ತಾ ಹೋಗಿ, 39ರ ಗುಂಪಿನಲ್ಲಿ 48 ಎಂಬುದು ‘19’ ಆಗುತ್ತದೆ. ಮುಂದಿನದು 42ರ ಗುಂಪು, ನಾಲ್ಕು ಹದಿಮೂರ್ಲ 52. ಒಂದು ಗುಂಪು, ಹತ್ತು ಬಿಡಿ. ‘20’ ಬರಬೇಕಾದರೆ ಎರಡು ಗುಂಪು ಬೇಕು, ಎಂಬತ್ತನಾಲ್ಕು! ಆಲಿಸ್ ಕೊರಗಿದ್ದರಲ್ಲಿ ತಪ್ಪಿಲ್ಲ.

ಕ್ಯಾರಲ್ ಮನಸ್ಸಿನಲ್ಲಿ ಇದ್ದದ್ದು ಯಾವುದು? ನನ್ನ ಓಟು ಮೊದಲನೆಯದಕ್ಕೆ. ಎರಡನೆಯದು ಹೆಚ್ಚು ಚೆಂದ ಎಂಬುದು ಬೇರೆ ಮಾತು. ಗಾರ್ಡ್ನರ್ ಎರಡನ್ನೂ ಮುಂದಿಟ್ಟು ಸುಮ್ಮನಾಗುತ್ತಾರೆ. ಕವಿತೆಯ ಸಾಲಾಗಲಿ, ಸಂಖ್ಯೆಗಳ ಸಾಲಾಗಲಿ, ಅವರು ಓದುತ್ತಿದ್ದದ್ದು ಒಂದೇ ಥರ: ಇದು ಇಲ್ಲೇ ಯಾಕಿದೆ ಎಂದು ಕೇಳುತ್ತಾ. ಗಣಿತದ ಗಾರ್ಡ್ನರ್, ಸಾಹಿತ್ಯದ ಗಾರ್ಡ್ನರ್ ಎಂದು ಇಬ್ಬರನ್ನು ಮಾಡಬೇಡಿ.

ಇವರ ಪುಸ್ತಕ ಓದಿದರೆ ಮಗನಿಗೆ ಸಿಇಟಿಗೆ ಅನುಕೂಲವಾಗುತ್ತದೆಯೇ?
– ಪೋಷಕರು, ತುಮಕೂರು

ಇಲ್ಲ. ರಜೆಯಲ್ಲಿ ಕೊಡಿ.

e (2.718...) ಎಂಬ ಸಂಖ್ಯೆಯ ಘಾತಕ್ಕೆ π ಗುಣಿಸು √163 ಹಾಕಿದರೆ ಪೂರ್ಣಾಂಕ ಬರುತ್ತದೆಂದು ರಾಮಾನುಜನ್ ಊಹಿಸಿದ್ದರಂತೆ. ವಾಟ್ಸ್ಆ್ಯಪ್‌ನಲ್ಲಿ ಬಂತು. ನಿಜವೇ?
– ನಿವೃತ್ತ ಎಂಜಿನಿಯರ್, ಮೈಸೂರು

ನಿಮ್ಮನ್ನು ಏಪ್ರಿಲ್ ಫೂಲ್ ಮಾಡಿದವರು ಗಾರ್ಡ್ನರೇ! 1975ರ ಏಪ್ರಿಲ್ ಅಂಕಣದಲ್ಲಿ ಹಲವು ಸುಳ್ಳು ‘ಆವಿಷ್ಕಾರ’ಗಳನ್ನು ಗಂಭೀರ ಮುಖ ಮಾಡಿಕೊಂಡು ಬರೆದರು. ನಿಮ್ಮದು ಅವುಗಳಲ್ಲೊಂದು. ನಿಜವಾದ ಬೆಲೆ 262537412640768743.99999999999925... ದಶಾಂಶ ಬಿಂದುವಿನಾಚೆ ಹನ್ನೆರಡು ಒಂಬತ್ತುಗಳು, ಆಮೇಲೆ ಬಣ್ಣ ಬಯಲು. ಸಾಮಾನ್ಯ ಕ್ಯಾಲ್ಕ್ಯುಲೇಟರಿನಲ್ಲಿ ಅಲ್ಲಿಯವರೆಗೆ ಹೋಗಲು ಸ್ಥಾನಗಳೇ ಇಲ್ಲ.

ಸುಳ್ಳಿಗೆ ರಾಮಾನುಜನ್ ಹೆಸರನ್ನೇ ಆರಿಸಿಕೊಂಡದ್ದು ಚತುರತನ. 1914ರ ಪ್ರಬಂಧದಲ್ಲಿ ರಾಮಾನುಜನ್ ಇಂಥವೇ ಸಂಖ್ಯೆಗಳನ್ನು ಕೊಟ್ಟಿದ್ದರು. 163ರ ಜಾಗದಲ್ಲಿ 58 ಹಾಕಿದರೆ 24591257751.99999982... ಆದರೆ ಅವು ಪೂರ್ಣಾಂಕಕ್ಕೆ ಹತ್ತಿರ ಎಂದರೇ ಹೊರತು ಪೂರ್ಣಾಂಕ ಎನ್ನಲಿಲ್ಲ. ಇನ್ನು 163ರ ವಿಚಿತ್ರವನ್ನು 1859ರಲ್ಲೇ ಫ್ರಾನ್ಸಿನ ಗಣಿತಜ್ಞ ಎರ್ಮಿಟ್ ಗಮನಿಸಿದ್ದರು. n² + n + 41ರಲ್ಲಿ n ಜಾಗಕ್ಕೆ 0ಯಿಂದ 39ರವರೆಗೆ ಏನು ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದಲ್ಲ, ಅದರ ಹಿಂದಿರುವುದೂ ಇದೇ 163.

ಕಾದಂಬರಿಯೊಂದರಲ್ಲಿ ಗಾರ್ಡ್ನರ್ ಪಾತ್ರವಾಗಿದ್ದಾರಂತೆ?
– ಗ್ರಂಥಪಾಲಕರು, ಮಂಗಳೂರು

ಪಾತ್ರವಲ್ಲ, ಒಂದು ಚೇಷ್ಟೆ. ಕಾದಂಬರಿಕಾರ ನಬೊಕೊವ್‌ರ ‘ಪೇಲ್ ಫೈರ್’ನಲ್ಲಿ ಜಾನ್ ಶೇಡ್ ಎಂಬ ಕಾಲ್ಪನಿಕ ಕವಿ ಇದ್ದಾನೆ. ಎಡ-ಬಲಗಳ ಬಗ್ಗೆ 1964ರಲ್ಲಿ ಬರೆದ ವಿಜ್ಞಾನ ಪುಸ್ತಕದಲ್ಲಿ ಗಾರ್ಡ್ನರ್ ಆ ಕವಿಯ ಸಾಲುಗಳನ್ನು ಉದ್ಧರಿಸಿ, ನಬೊಕೊವ್ ಹೆಸರೇ ಎತ್ತದೆ ಶೇಡ್‌ನ ಹೆಸರು ಹಾಕಿದರು. ನಬೊಕೊವ್ ಬಿಟ್ಟಾರೆಯೇ? 1969ರ ‘ಆಡಾ’ದಲ್ಲಿ ಅದೇ ಸಾಲುಗಳ ಜೊತೆ ‘ಮಾರ್ಟಿನ್ ಗಾರ್ಡಿನರ್ ಎಂಬ ಕಲ್ಪಿತ ತತ್ತ್ವಜ್ಞಾನಿ’ಯನ್ನು ತಂದು ಕೂರಿಸಿದರು.

ನಮ್ಮಲ್ಲಿ ಇಂಥವರು ಯಾರೂ ಇರಲಿಲ್ಲವೇ? ಬರೀ ಪರದೇಶದವರ ಗುಣಗಾನವೇ?
– ಓದುಗರು, ಕಲಬುರಗಿ

ನೀವೇ ರಾಷ್ಟ್ರಕೂಟರ ಸೀಮೆಯವರು, ನನ್ನನ್ನು ಕೇಳುತ್ತೀರಿ! ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ತೆರೆಯಿರಿ. ಸಂಸ್ಕೃತದಲ್ಲಿದೆ, ಪದ್ಯದಲ್ಲಿದೆ. ಅದರಲ್ಲೊಂದು ಲೆಕ್ಕ. ವಸಂತದ ಒಂದು ರಾತ್ರಿ, ಬೆಳದಿಂಗಳಂಥ ಬಿಳಿ ಮಹಲು. ಗಂಡ-ಹೆಂಡತಿಯ ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ದಾಸಿಯ ಬಳಿ ಸೇರಿತು, ಆರರಲ್ಲೊಂದು ಹಾಸಿಗೆಯ ಮೇಲೆ ಬಿತ್ತು. ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿ. ಕೊನೆಗೆ ಉಳಿದದ್ದು 1161 ಮುತ್ತು. ಒಟ್ಟು ಎಷ್ಟಿದ್ದವು?

ಹಿಂದಿನಿಂದ ಬನ್ನಿ: 1161ನ್ನು ಆರು ಸಲ ಇಮ್ಮಡಿಸಿದರೆ 74304. ದಾಸಿಯ ಬಳಿ, ಹಾಸಿಗೆಯ ಮೇಲೆ ಹೋದದ್ದು ಸೇರಿ ಅರ್ಧ ಹಾರ. ಆದ್ದರಿಂದ ಇದು ಇನ್ನರ್ಧ. ಒಟ್ಟು 148608. ಅಷ್ಟು ಮುತ್ತು ಹೊತ್ತ ಕೊರಳಿನ ಗತಿ ಏನು, ಜಗಳ ಆಗದೆ ಇದ್ದೀತೇ ಎಂದು ಗಾರ್ಡ್ನರ್ ಆಗಿದ್ದರೆ ಅಡಿಟಿಪ್ಪಣಿ ಹಾಕುತ್ತಿದ್ದರು.