ಐದು ನಕ್ಷತ್ರ ಕೊಟ್ಟವರು ಎಷ್ಟನೇ ಅಧ್ಯಾಯದಲ್ಲಿದ್ದರು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಚೀನಾ, ಕೊರಿಯಾ ಕಡೆಯ ಫ್ಯಾಂಟಸಿ ವೆಬ್ ಕಾದಂಬರಿಗಳನ್ನು, ಅಂದರೆ ಅಂತರ್ಜಾಲದಲ್ಲಿ ಧಾರಾವಾಹಿಯಂತೆ ಅಧ್ಯಾಯ ಅಧ್ಯಾಯವಾಗಿ ಬರುವ ಕಾದಂಬರಿಗಳನ್ನು, ಇಂಗ್ಲಿಷ್ ಅನುವಾದದಲ್ಲಿ ಓದಬೇಕು ಅಂತಿದ್ದೀರಿ. ಆದರೆ ಒಂದೇ ಕಾದಂಬರಿಗೆ ಒಬ್ಬ ಓದುಗ ಐದು ನಕ್ಷತ್ರ ಕೊಟ್ಟು ಕುಣಿದಾಡುತ್ತಾನೆ, ಇನ್ನೊಬ್ಬ ಒಂದು ನಕ್ಷತ್ರ ಕೊಟ್ಟು ಕಸ ಅನ್ನುತ್ತಾನೆ. ಯಾರನ್ನು ನಂಬಬೇಕು?

ಇಬ್ಬರನ್ನೂ ನಂಬಿ. ಹೆಸರು ಒಂದೇ ಆದರೂ ಅವರಿಬ್ಬರು ಓದಿದ್ದು ಬೇರೆ ಬೇರೆ ಪುಸ್ತಕ. ಇದನ್ನು ನಾನು ಸ್ವತಃ ಪೆಟ್ಟು ತಿಂದು ಕಲಿತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಚೀನೀ ಕಾದಂಬರಿ ಹಿಡಿದೆ. ಬಡ ಹುಡುಗ, ಬೆಟ್ಟದ ಮೇಲಿನ ಗುರುಕುಲ, ಸಾಧನೆ ಮಾಡಿ ಅಮರನಾಗುವ ಹಠ. ಮೊದಲ ನೂರಿಪ್ಪತ್ತು ಅಧ್ಯಾಯ ಊಟ ನಿದ್ದೆ ಬಿಟ್ಟು ಓದಿದೆ. ಆಮೇಲೆ ಅನುವಾದಕರು ಕೈಬಿಟ್ಟರು. ಕುತೂಹಲ ತಡೆಯದೆ ಯಂತ್ರಾನುವಾದಕ್ಕೆ ಹೋದೆ. ಅಲ್ಲಿ ನಾಯಕನ ಅಕ್ಕ ಒಂದು ಸಾಲಿನಲ್ಲಿ ಹೆಂಗಸು, ಮುಂದಿನ ಸಾಲಿನಲ್ಲಿ ಗಂಡಸು. ಒಬ್ಬ ಮುದುಕನ ಹೆಸರನ್ನು ಯಂತ್ರ ಅರ್ಥ ಬಿಡಿಸಿ ಅನುವಾದ ಮಾಡಿತ್ತು. ಹಾಗಾಗಿ ಅವನು ಒಮ್ಮೆ ಮನುಷ್ಯ, ಒಮ್ಮೆ 'ಬಿಳಿ ಕಾಡು'. ಎಪ್ಪತ್ತು ಅಧ್ಯಾಯ ಸಹಿಸಿಕೊಂಡು ಕೊನೆಗೆ ಒಂದು ನಕ್ಷತ್ರ ಕೊಟ್ಟೆ. ಲೇಖಕನಿಗೆ ಪಾತ್ರ ಕಟ್ಟೋಕೆ ಬರಲ್ಲ ಅಂತ ಉದ್ದುದ್ದ ಬೈದೆ. ಎರಡು ವರ್ಷ ಬಿಟ್ಟು ಬೇರೊಬ್ಬರು ಅದೇ ಭಾಗವನ್ನು ಕೂತು ಅನುವಾದ ಮಾಡಿದರು. ಓದಿ ನೋಡಿದರೆ ಆ ಅಕ್ಕ ಇಡೀ ಕಾದಂಬರಿಯ ಅತ್ಯುತ್ತಮ ಪಾತ್ರ! ಬೈದಿದ್ದನ್ನು ಸದ್ದಿಲ್ಲದೆ ಅಳಿಸಿ ಹಾಕಿದೆ.

ಯಂತ್ರ ಹೀಗೆ ಎಡವೋಕೆ ಕಾರಣ ಇದೆ. ಕನ್ನಡದಲ್ಲಿ 'ಅವನು', 'ಅವಳು' ಅಂತ ಹೇಳದೇ ಇದ್ದರೂ 'ಬಂದ', 'ಬಂದಳು' ಅನ್ನುವ ಕ್ರಿಯಾಪದವೇ ವಿಷಯ ಹೇಳಿಬಿಡುತ್ತದೆ. ಚೀನೀ ಭಾಷೆಯಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣು ಇಲ್ಲ, ಕರ್ತೃವನ್ನೂ ಬಹಳ ಸಲ ಬಿಟ್ಟುಬಿಡುತ್ತಾರೆ. ಇಂಗ್ಲಿಷ್‌ಗೆ ಮಾತ್ರ ಸಾಲು ಸಾಲಿಗೂ ಕರ್ತೃ ಬೇಕು. ಮನುಷ್ಯ ಹಿಂದಿನ ಪುಟ ನೆನಪಿಟ್ಟುಕೊಂಡು ಬರೆಯುತ್ತಾನೆ. ನಾನು ಓದಿದ ಯಂತ್ರ ಊಹೆ ಮಾಡುತ್ತಿತ್ತು. ಹಾಗಾಗಿ ಯಾರಾದರೂ 'ಬರವಣಿಗೆ ಕೆಟ್ಟದಾಗಿದೆ' ಅಂದರೆ ಮೊದಲು ಕೇಳಬೇಕಾದ್ದು, ಯಾರ ಬರವಣಿಗೆ?

ಇನ್ನು ಅಧ್ಯಾಯದ ಲೆಕ್ಕ. ಚೀನಾದ ದೊಡ್ಡ ವೆಬ್ ಕಾದಂಬರಿ ತಾಣ ಚಿದಿಯನ್ 2003ರಲ್ಲಿ ಅಧ್ಯಾಯಕ್ಕೆ ದುಡ್ಡು ಪಡೆಯುವ ಪದ್ಧತಿ ತಂದಿತು. ಶುರುವಿನ ಒಂದಷ್ಟು ಅಧ್ಯಾಯ ಉಚಿತ, ಆಮೇಲೆ ಸಾವಿರ ಅಕ್ಷರಕ್ಕೆ ಇಷ್ಟು ಅಂತ ದರ. ಇದರ ಪರಿಣಾಮ ಪುಟದಲ್ಲೇ ಕಾಣುತ್ತದೆ. ಉಚಿತ ಭಾಗದಲ್ಲಿ ಓದುಗನನ್ನು ಗಟ್ಟಿಯಾಗಿ ಹಿಡಿಯಲೇಬೇಕು, ಹಾಗಾಗಿ ಕತೆ ಓಡುತ್ತದೆ. ಆಮೇಲೆ ಉದ್ದ ಆದಷ್ಟೂ ಸಂಪಾದನೆ, ದಿನಾ ಹೊಸ ಅಧ್ಯಾಯ ಬೇರೆ ಹಾಕಬೇಕು. ಒಂದು ಕಾಳಗ ಹತ್ತು ಅಧ್ಯಾಯಕ್ಕೆ ಹಿಗ್ಗುತ್ತದೆ. ಸುತ್ತ ನಿಂತ ಜನ ಬಾಯಿಬಿಟ್ಟು ನೋಡಿದ್ದಕ್ಕೇ ಒಂದು ಅಧ್ಯಾಯ. ಚೀನೀ ಓದುಗರು ಇದಕ್ಕೆ 'ನೀರು ಹಾಕುವುದು' ಅನ್ನುತ್ತಾರೆ. ಹಾಲಿಗೆ ನೀರು ಹಾಕಿದ ಹಾಗೆ ಅಂದುಕೊಳ್ಳಿ, ತಪ್ಪಾಗಲ್ಲ.

ಅವರ ಬೈಗುಳಗಳು ನನಗೆ ಬಹಳ ಇಷ್ಟ. ಹೊಸ ಕಾದಂಬರಿ ಶುರು ಮಾಡುವುದಕ್ಕೆ 'ಗುಂಡಿ ತೋಡುವುದು' ಅನ್ನುತ್ತಾರೆ. ಕತೆ ಮುಗಿಸಿದರೆ ಗುಂಡಿ ಮುಚ್ಚಿದ ಹಾಗೆ. ಕೊನೆ ಹಾಳಾಗಿದ್ದರೆ 'ಕೊಳೆತ ಬಾಲ'. ನಡುವೆ ನಿಂತುಹೋದ ಕಾದಂಬರಿಗೆ 'ನಪುಂಸಕ' ಅಂತ ಹೆಸರು, ಯಾಕೆಂದರೆ ಕೆಳಗೆ ಏನೂ ಇಲ್ಲ! ಮೂಲ ಓದುಗರೇ ಇಷ್ಟು ನಿಷ್ಠುರವಾಗಿ ಹೇಳುವಾಗ ಅನುವಾದ ಓದುವ ನಾವು ಮಾತ್ರ 'ಮಾಸ್ಟರ್‌ಪೀಸ್' ಅಂತ ಕೂಗಾಡುವುದು ನೋಡಿದರೆ ನಗು ಬರುತ್ತದೆ.

ಒಂದು ವಿಷಯ ಗಮನಿಸಿ. ಐದು ನಕ್ಷತ್ರದ ಅಭಿಪ್ರಾಯ ಬಹಳಷ್ಟು ಸಲ ಐವತ್ತನೇ ಅಧ್ಯಾಯದ ಸಂಭ್ರಮದಲ್ಲಿ ಬರೆದದ್ದು. ಬೈಗುಳ ಬರುವುದು ನಾನೂರರ ಹತ್ತಿರ, ನೀರು ಜಾಸ್ತಿಯಾದಾಗ. ಸಾವಿರ ದಾಟಿ ಮುಗಿಸಿದವರ ಮಾತಿಗೂ ಸ್ವಲ್ಪ ಉಪ್ಪು ಖಾರ ಕಳೆದೇ ಓದಿ. ಇಷ್ಟವಾಗದವರು ಎಂದೋ ಎದ್ದು ಹೋಗಿರುತ್ತಾರೆ, ಉಳಿದವರು ಅಭಿಮಾನಿಗಳು. ನಾನು ಹುಡುಕುವುದು 'ಇನ್ನೂರನೇ ಅಧ್ಯಾಯದವರೆಗೆ ಚೆನ್ನಾಗಿತ್ತು, ನಾಯಕ ರಾಜಧಾನಿಗೆ ಹೋದ ಮೇಲೆ ಹಳೇದನ್ನೇ ಮತ್ತೆ ಬರೆದಿದ್ದಾರೆ' ಅನ್ನುವಂಥ ಮಾತು. ಅದರಲ್ಲಿ ಊರೂ ಇದೆ, ಮೈಲಿಗಲ್ಲೂ ಇದೆ.

ಅನುವಾದದ ಚರಿತ್ರೆಯೂ ಅಭಿಪ್ರಾಯಗಳ ಮೇಲೆ ನೆರಳು ಹಾಕಿದೆ. ಚೀನೀ ಕಾದಂಬರಿಗಳನ್ನು ಇಂಗ್ಲಿಷ್‌ಗೆ ತರುವ ವೂಶಿಯಾವರ್ಲ್ಡ್ ತಾಣ 2014ರ ಕೊನೆಯಲ್ಲಿ ಶುರುವಾದಾಗ ಇದು ಅಭಿಮಾನಿಗಳ ಕೆಲಸ. ಓದುಗರು ಕೈಲಾದಷ್ಟು ಕೊಡುತ್ತಿದ್ದರು, ಅನುವಾದಕರು ಒಂದು ಅಧ್ಯಾಯ ಜಾಸ್ತಿ ಹಾಕುತ್ತಿದ್ದರು. 2017ರಲ್ಲಿ ಚಿದಿಯನ್ ತನ್ನದೇ ಇಂಗ್ಲಿಷ್ ತಾಣ ವೆಬ್‌ನಾವೆಲ್ ತೆರೆಯಿತು. 2021ರಲ್ಲಿ ವೂಶಿಯಾವರ್ಲ್ಡ್ ಕೊರಿಯಾದ ಕಕಾವೋ ಕಂಪನಿಯ ಕೈಗೆ ಹೋಯಿತು. ಉಚಿತವಾಗಿ ಓದಿದವನಿಗೆ ನೀರು ಅಷ್ಟು ಕಾಡಲ್ಲ. ಅಧ್ಯಾಯಕ್ಕೆ ನಾಣ್ಯ ಎಣಿಸಿಕೊಟ್ಟವನಿಗೆ ಪ್ರತಿ ಹನಿಯೂ ಕಾಣುತ್ತದೆ. ಒಂದು ನಕ್ಷತ್ರದ ಅಭಿಪ್ರಾಯಗಳಲ್ಲಿ ಎಷ್ಟೋ ಕತೆಯ ಮೇಲಿನ ಕೋಪ ಅಲ್ಲ, ದುಡ್ಡಿನ ಮೇಲಿನ ಕೋಪ.

'ಭಾಷೆ ವಿಚಿತ್ರವಾಗಿದೆ' ಅನ್ನುವ ದೂರನ್ನು ಮಾತ್ರ ನೀವು ತಲೆಗೆ ಹಚ್ಚಿಕೊಳ್ಳಬೇಡಿ. ಇಂಗ್ಲಿಷ್ ಓದುಗರಿಗೆ 'ಬಾವಿಯ ಕಪ್ಪೆ' ಅನ್ನುವ ಬೈಗುಳ ಹೊಸದು. ನಮಗೆ ಹೊಸದಾ? ಕೂಪಮಂಡೂಕ ಅಂತ ಬೈಯುತ್ತಲೇ ಬೆಳೆದಿದ್ದೇವೆ. 'ಮುಖ ಕಳೆದುಕೊಂಡ' ಅಂದರೆ ಅವರಿಗೆ ವಿವರಣೆ ಬೇಕು, ನಮ್ಮಲ್ಲಿ ಮುಖಭಂಗ ಅಂತ ಪದವೇ ಇದೆ. ಗುರುಕುಲದಲ್ಲಿ ಹಿರಿಯ ಶಿಷ್ಯನನ್ನು ಅಣ್ಣ ಅನ್ನುವುದು, ವರ್ಷಗಟ್ಟಲೆ ತಪಸ್ಸು ಮಾಡಿ ಶಕ್ತಿ ಪಡೆಯುವುದು, ಇದಕ್ಕೆಲ್ಲ ಕನ್ನಡ ಓದುಗನಿಗೆ ಅಡಿಟಿಪ್ಪಣಿ ಬೇಕಾಗಲ್ಲ. ಆದರೆ ಹೊಟ್ಟೆಯೊಳಗೆ ಚಿನ್ನದ ಗುಂಡು ಬೆಳೆಯುವುದು, ಅದರಿಂದ ಪುಟ್ಟ ಆತ್ಮ ಹುಟ್ಟುವುದು, ಇವು ತಾವೋ ಪಂಥದ ರಸವಿದ್ಯೆಯಿಂದ ಬಂದವು. ಅಭ್ಯಾಸವಾಗಲು ಸ್ವಲ್ಪ ದಿನ ಬೇಕು.

ಕೆಲವು ದೂರುಗಳು ನಿಜ. ಸೊಕ್ಕಿನ ಶ್ರೀಮಂತ ಹುಡುಗ ಬಂದು ಕಾಲು ಕೆರೆದು ಜಗಳ ತೆಗೆಯುತ್ತಾನೆ, ಹೊಡೆತ ತಿನ್ನುತ್ತಾನೆ, ಅಪ್ಪನನ್ನು ಕರೆತರುತ್ತಾನೆ, ಆಮೇಲೆ ತಾತನನ್ನು. ಹೆಂಗಸರು ಹಲವು ಕಾದಂಬರಿಗಳಲ್ಲಿ ಬರೀ ಬಹುಮಾನ. ಇದನ್ನು ಯಾವ ಒಳ್ಳೆ ಅನುವಾದವೂ ಸರಿಮಾಡಲ್ಲ. ಕೊರಿಯಾದವು ನನಗೆ ಸ್ವಲ್ಪ ಚುರುಕು ಅನ್ನಿಸುತ್ತವೆ, ಆದರೆ ಸತ್ತು ಹಿಂದಿನ ಕಾಲಕ್ಕೆ ಮರಳುವ ನಾಯಕ ಅಲ್ಲಿ ಹೆಜ್ಜೆಗೊಬ್ಬ.

ಹಾಗಾಗಿ ನಕ್ಷತ್ರ ನೋಡಬೇಡಿ. ಉಚಿತ ಭಾಗ ಓದಿ. ಆಮೇಲೆ ನಡುವಿನ ಯಾವುದಾದರೂ ಒಂದು ಅಧ್ಯಾಯ ತೆರೆದು, ಅನುವಾದಕರು ಇನ್ನೂ ಅವರೇನಾ, ಮಾತುಕತೆಗೆ ಇನ್ನೂ ಜೀವ ಇದೆಯಾ ನೋಡಿ. ಒಂದೆರಡು ಗುಟ್ಟು ಮೊದಲೇ ತಿಳಿಯಬಹುದು, ಪರವಾಗಿಲ್ಲ. ಬೇಜಾರಾದರೆ ಎದ್ದು ಬನ್ನಿ.

ಹೀಗಂತ ಹೇಳುವ ನಾನು ಈಗ ಒಂದು ಕಾದಂಬರಿಯ 612ನೇ ಅಧ್ಯಾಯದಲ್ಲಿದ್ದೇನೆ. ನಾಯಕ ಗುಹೆ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂತು ಆರು ಅಧ್ಯಾಯ ಆಯಿತು. ಇನ್ನೂ ಎದ್ದಿಲ್ಲ. ಇವತ್ತು ರಾತ್ರಿ ಏಳಬಹುದು.